ನಿವೃತ್ತರ ಆವಕ-ಜಾವಕ

ತುಮಕೂರಿನ ಅಮಾನಿಕೆರೆಯ ಬಳಿ ದಿನವೂ ಬೆಳಿಗ್ಗೆ ಆರು ಗಂಟೆಗೆ ನಾವು ನಾಲ್ವರು ನಿವೃತ್ತರು ಒಂದೇ ಕಲ್ಲುಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿರುತ್ತೇವೆ. ಪಕ್ಕದಲ್ಲಿರುವ ರಾಯರು ಕಳಿಸಿದ ಕಮಲದ ಹೂವಿನ ಶುಭೋದಯಕ್ಕೆ ನಾನು ಕೈಮುಗಿದ ಚಿತ್ರ ಕಳಿಸಿ, ಎರಡು ಗೆರೆ ನೀಲಿಯಾದದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ಪರಸ್ಪರ ಮುಖ ನೋಡುವ ಪದ್ಧತಿ ನಮ್ಮದು.

ಇದನ್ನು ಚಟವೆಂದು ಮಕ್ಕಳು ಮೂಗು ಮುರಿಯುತ್ತಾರೆ. ಅವರಿಗೇನು ಗೊತ್ತು, ಇದು ಸೇವಾವಧಿಯ ಮುಂದುವರಿಕೆ. ಬಂದ ಟಪಾಲಿಗೆ ಮೊಹರು ಹೊಡೆದು ಮುಂದಿನ ಮೇಜಿಗೆ ತಳ್ಳುವುದು ಮೂವತ್ತೈದು ವರ್ಷ ನಮ್ಮ ಕೆಲಸವಾಗಿತ್ತು. ಓದುವುದು ಆಗಲೂ ನಮ್ಮ ಕೆಲಸವಾಗಿರಲಿಲ್ಲ. ವ್ಯತ್ಯಾಸವಿಷ್ಟೇ: ಆಗ ನಮ್ಮ ಮೇಜು ದಾಟಲು ಕಡತಕ್ಕೆ ಮೂರು ತಿಂಗಳು ಬೇಕಿತ್ತು, ಈಗ ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವ ಕಷಾಯವು ಕ್ಯಾತಸಂದ್ರದಿಂದ ಕ್ಯಾಲಿಫೋರ್ನಿಯಾಕ್ಕೆ ಮೂರು ಸೆಕೆಂಡಿನಲ್ಲಿ ತಲುಪುತ್ತದೆ.

ವದಂತಿಗಳನ್ನು ನಂಬಿ ಜನ ಅಮಾಯಕರನ್ನು ಬಡಿದು ಕೊಂದ ಮೇಲೆ, 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕಿತು. 2020ರಲ್ಲಿ, ಅತಿಯಾಗಿ ಕೈಬದಲಾಯಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ನಮ್ಮ ಗ್ರೂಪಿನ ನಿವೃತ್ತ ಗುಮಾಸ್ತರೊಬ್ಬರು ಇದಕ್ಕೆಂದೇ ರೂಲು ಹಾಕಿದ ಪುಸ್ತಕವಿಟ್ಟು, ಯಾರಿಗೆ ಹೋಯಿತು, ಯಾರಿಗೆ ಬಾಕಿ ಎಂದು ಗುರುತು ಹಾಕಿಕೊಳ್ಳುತ್ತ, ಒಂದೊಂದಾಗಿ ಅರವತ್ತು ಜನರಿಗೂ ತಲುಪಿಸಿಯೇ ತಿಂಡಿಗೆ ಏಳುತ್ತಾರೆ. ಅಂಥ ಸಂದೇಶದ ನೆತ್ತಿಯ ಮೇಲಿರುವ ಜೋಡಿ ಬಾಣ ಎಚ್ಚರಿಕೆಗಾಗಿ ಇರುವುದಂತೆ. ನಮ್ಮಲ್ಲಿ ಅದು ಐಎಸ್‌ಐ ಮಾರ್ಕು.

ಯುನೆಸ್ಕೊ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು 'ಈಗ ತಾನೇ' ಘೋಷಿಸಿದ ಸುದ್ದಿ ಪ್ರತಿ ಆಗಸ್ಟಿನಲ್ಲಿ ತಪ್ಪದೆ ಬರುತ್ತದೆ. ಯುನೆಸ್ಕೊ ಎಂದೂ ಹಾಗೆ ಘೋಷಿಸಿಲ್ಲವೆಂದು ಮೇಷ್ಟ್ರೊಬ್ಬರು ಬರೆದದ್ದೇ ತಡ, ಹಿಂದೆ ಶಿರಸ್ತೇದಾರರಾಗಿದ್ದ ಅಡ್ಮಿನ್, ಗುಂಪಿನ ಸೌಹಾರ್ದವನ್ನು ಕದಡಿದ್ದೇಕೆಂದು ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ಕೇಳಿದರು. ಮೇಷ್ಟ್ರು ಎರಡು ಪುಟ ಬರೆದು ಕಳಿಸಿದರು. ಅದಕ್ಕೆ 'ಅವಗಾಹಿಸಲಾಗಿದೆ' ಎಂಬ ಷರಾ ಬಿತ್ತು. ಯುನೆಸ್ಕೊ ಮಾತ್ರ ತನ್ನ ಘೋಷಣೆಯನ್ನು ಹಿಂಪಡೆಯಲಿಲ್ಲ.

ಕಳೆದ ನವೆಂಬರಿನಲ್ಲಿ ಒಂದು ದಿನ ಏಳೂವರೆಯಾದರೂ ರಾಯರ ಕಮಲ ಬರಲಿಲ್ಲ. ಯಾರೋ ಪ್ರಶ್ನೆಯ ಚಿಹ್ನೆ ಹಾಕಿದರು, ಇನ್ಯಾರೋ ಅದರ ಕೆಳಗೆ ಕೈಮುಗಿದರು, ಎಂಟಕ್ಕೆಲ್ಲ ಮೂವತ್ತೊಂದು 'ಓಂ ಶಾಂತಿ' ಸಂದಿದ್ದವು. ಅವುಗಳಲ್ಲಿ ಒಂದು ನನ್ನದು. ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ತಟ್ಟೆ ಇಡ್ಲಿ ತಿನ್ನಲು ಹೋಗಿದ್ದ ರಾಯರು ಒಂಬತ್ತಕ್ಕೆ ಬಂದು ಎಲ್ಲರಿಗೂ ಧನ್ಯವಾದ ತಿಳಿಸಿದರು. ಸಂತಾಪವನ್ನು ಹಿಂಪಡೆಯಲು ದಾಖಲೆ ಬೇಕೆಂದು ಅಡ್ಮಿನ್ ಪಟ್ಟು ಹಿಡಿದರು. ಪಿಂಚಣಿದಾರರು ಬದುಕಿದ್ದಾರೆಂದು ದೃಢಪಡಿಸಲು 2014ರಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ಪತ್ರವನ್ನು ಹೇಗೂ ಅದೇ ತಿಂಗಳು ಕೊಡಬೇಕಿತ್ತಲ್ಲ, ಅದರ ಪ್ರತಿಯಾದರೂ ಆದೀತೆಂದರು.

ಮರುದಿನ ರಾಯರು ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತು, ಫೋನನ್ನು ಮುಖಕ್ಕೆ ಹಿಡಿದು, ಅದು ಹೇಳಿದಂತೆ ಕಣ್ಣು ಮಿಟುಕಿಸುತ್ತಿದ್ದರು. ಪತ್ರ ಕೈಗೆ ಬರುವ ಮೊದಲೇ ಮಾತಾಡಿಸುವುದು ಕ್ರಮವಲ್ಲವೆಂದು ನಾನು ಸುಮ್ಮನೆ ಕಾದೆ.