ಸ್ಪಷ್ಟನೆ: ತೆರಿಗೆ ವಿನಾಯಿತಿಯಿಂದಷ್ಟೇ ವಿಜ್ಞಾನ ಪಾರ್ಕ್ ತುಂಬುವುದಿಲ್ಲ

‘ಅಗ್ಗದ ಜಮೀನು, ತೆರಿಗೆ ವಿನಾಯಿತಿ ಕೊಡಿ ಸಾಕು, ಚಿಪ್ ಮತ್ತು ಬಯೋಟೆಕ್ ಕಂಪನಿಗಳು ತಾವಾಗಿಯೇ ಬರುತ್ತವೆ, ತೈವಾನಿನ ಷಿನ್‌ಚು ವಿಜ್ಞಾನ ಪಾರ್ಕ್ ಬೆಳೆದದ್ದೇ ಹಾಗೆ’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ.

ಷಿನ್‌ಚುವಿನಲ್ಲಿ ರಿಯಾಯಿತಿ ಇದ್ದದ್ದು ನಿಜ. ಆದರೆ ಪಾರ್ಕ್ ತೆರೆದದ್ದು 1980ರಲ್ಲಿ. ಐಟಿಆರ್‌ಐ ಸಂಶೋಧನಾ ಸಂಸ್ಥೆ 1973ರಲ್ಲೇ ಹುಟ್ಟಿತ್ತು, ಎರಡು ವಿಶ್ವವಿದ್ಯಾಲಯಗಳೂ ಪಕ್ಕದಲ್ಲಿದ್ದವು. ಐಟಿಆರ್‌ಐ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಂತ್ರಜ್ಞಾನ ಪಡೆದು, ಎಂಜಿನಿಯರುಗಳನ್ನು ತರಬೇತಿಗೆ ಕಳಿಸಿ, ಪ್ರಾಯೋಗಿಕ ಘಟಕ ನಡೆಸಿತು. ಚಿಪ್ ತಯಾರಿಸುವ ಯುಎಂಸಿ (1980), ಟಿಎಸ್‌ಎಂಸಿ (1987) ಕಂಪನಿಗಳು ಕವಲೊಡೆದದ್ದು ಆ ಬೇರಿನಿಂದಲೇ. ರಿಯಾಯಿತಿ ನೋಡಿ ಹೊರಗಿನಿಂದ ಓಡಿಬಂದವಲ್ಲ.

‘ಕಟ್ಟಡ ಸಿದ್ಧವಿದೆ’ ಎಂಬ ಜಾಹೀರಾತನ್ನೂ ಹಾಗೆಯೇ ನಂಬಬೇಡಿ. ಕಚೇರಿ ಕಟ್ಟಡವನ್ನು ರಾಸಾಯನಿಕ ಪ್ರಯೋಗಾಲಯವಾಗಿ ಬದಲಿಸಲು ಹೊರಟಾಗ ಮೊದಲು ಕೈಕೊಡುವುದು ಎತ್ತರ. ಲ್ಯಾಬಿನ ಗಾಳಿಯನ್ನು ಮರುಬಳಸದೆ ಪೂರ್ತಿ ಹೊರಹಾಕಬೇಕು, ಗಂಟೆಗೆ ಸಾಮಾನ್ಯವಾಗಿ 6ರಿಂದ 12 ಬಾರಿ ಬದಲಿಸಬೇಕು. ಅಷ್ಟು ದೊಡ್ಡ ಗಾಳಿಕೊಳವೆಗಳಿಗೆ ಮಹಡಿಯಿಂದ ಮಹಡಿಗೆ 4ರಿಂದ 4.5 ಮೀಟರ್ ಬೇಕು. ಕಡಿಮೆಯಿದ್ದರೆ ಕೊಳವೆ ತೊಲೆಗೆ ತಾಗುತ್ತದೆ, ಫ್ಯೂಮ್ ಹುಡ್‌ಗಳ (ವಿಷಾನಿಲವನ್ನು ಹೊರಗೆಳೆಯುವ ಪ್ರಯೋಗ ಕಪಾಟುಗಳ) ಸಂಖ್ಯೆ ಇಳಿಸಬೇಕಾಗುತ್ತದೆ. ದ್ರಾವಕಗಳ ದಾಸ್ತಾನಿಗೂ ಮಹಡಿ ಮೇಲೇರಿದಷ್ಟೂ ಅಗ್ನಿಸುರಕ್ಷಾ ಮಿತಿ ಬಿಗಿಯಾಗುತ್ತದೆ. ಹಾಗಾಗಿ ಐದನೇ ಮಹಡಿ ಎಷ್ಟು ಅಗ್ಗವಾದರೂ ಉಪಯೋಗ ಅಷ್ಟಕ್ಕಷ್ಟೆ.

ಚಿಪ್ ಘಟಕದ ಕಥೆ ಬೇರೆ. ಅಲ್ಲಿ ವೋಲ್ಟೇಜ್ ಕ್ಷಣದ ಒಂದು ಭಾಗ ಕುಸಿದರೂ ಯಂತ್ರದೊಳಗಿನ ವೇಫರ್‌ಗಳು (ಚಿಪ್ ಮೂಡಿಸುವ ತೆಳು ಸಿಲಿಕಾನ್ ಬಿಲ್ಲೆಗಳು) ಹಾಳಾಗಬಹುದು. ಎರಡು ಪ್ರತ್ಯೇಕ ಸಬ್‌ಸ್ಟೇಷನ್‌ಗಳಿಂದ ವಿದ್ಯುತ್ ಕೊಡುತ್ತೀರಾ ಎಂದು ಹೂಡಿಕೆದಾರರು ಕೇಳುವುದು ಅದಕ್ಕೇ. ತೆರಿಗೆಯ ಚರ್ಚೆ ಆಮೇಲಿನದು.