ಗಂಟಲು ನೋವು ಅಂದ ಕೂಡಲೇ ಅಜಿತ್ರೋಮೈಸಿನ್ ಯಾಕೆ?

ಈಗಷ್ಟೇ ಮೆಡಿಕಲ್ ಶಾಪ್‌ನಿಂದ ಬಂದೆ. ಕೋಪ ಇನ್ನೂ ಇಳಿದಿಲ್ಲ. ನನ್ನ ಮುಂದೆ ನಿಂತಿದ್ದವರು "ಮಗಳಿಗೆ ಗಂಟಲು ನೋವು, ಏನಾದ್ರೂ ಕೊಡಿ ಅಣ್ಣಾ" ಅಂದರು. ಅಂಗಡಿಯವನು ಹುಡುಗಿಯ ವಯಸ್ಸು ಕೇಳಲಿಲ್ಲ, ಜ್ವರ ಇದೆಯಾ ಅಂತಲೂ ಕೇಳಲಿಲ್ಲ. ಅಜಿತ್ರೋಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಟ್ಟ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. ನಾನು ತಡೆದೆ. ಆ ಅಪ್ಪನಿಗೆ ನನ್ನ ಮೇಲೆಯೇ ಬೇಜಾರಾಯಿತು.

ಅಂಗಡಿಯವನನ್ನು ಮಾತ್ರ ಬೈದು ಏನು ಪ್ರಯೋಜನ? ಟಾರ್ಚ್ ಹಾಕಿ ನೋಡದೆ ಚೀಟಿ ಬರೆಯುವವರು ನಮ್ಮ ಡಾಕ್ಟರುಗಳಲ್ಲೇ ಇದ್ದಾರೆ. ಬಾಯಿ ತೆರೆಸಿ, 'ಆ' ಅನ್ನಿಸಿ, ಕುತ್ತಿಗೆ ಮುಟ್ಟಿ ನೋಡೋಕೆ ಎಷ್ಟು ಹೊತ್ತು ಬೇಕು? ಗಂಟಲು ನೋವು ಬರೋದು ಹೆಚ್ಚಾಗಿ ವೈರಸ್‌ನಿಂದ. ಆ್ಯಂಟಿಬಯಾಟಿಕ್ ಬೇಕಾಗುವ ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾ ಇರೋದು ಗಂಟಲು ನೋವು ಬಂದ ದೊಡ್ಡವರಲ್ಲಿ ನೂರಕ್ಕೆ 5ರಿಂದ 15 ಜನರಿಗೆ, ಮಕ್ಕಳಲ್ಲಿ 20ರಿಂದ 30 ಜನರಿಗೆ. ಸ್ಟ್ರೆಪ್ ಇರಬಹುದಾ ಅಂತ ಅಂದಾಜು ಮಾಡೋಕೆ ಅಮೆರಿಕದ ಡಾಕ್ಟರ್ ರಾಬರ್ಟ್ ಸೆಂಟರ್ ಮತ್ತು ಜೊತೆಯವರು 1981ರಲ್ಲೇ ನಾಲ್ಕು ಪ್ರಶ್ನೆ ಕೊಟ್ಟಿದ್ದಾರೆ: ಜ್ವರ ಬಂದಿತ್ತಾ, ಟಾನ್ಸಿಲ್ ಮೇಲೆ ಕೀವಿದೆಯಾ, ಕುತ್ತಿಗೆ ಮುಂಭಾಗದ ಗಂಟು ಒತ್ತಿದರೆ ನೋಯುತ್ತಾ, ಕೆಮ್ಮು ಇಲ್ವಾ? ವಯಸ್ಸನ್ನೂ ಸೇರಿಸಿಕೊಂಡರೆ ಮಕ್ಕಳಿಗೂ ಈ ಲೆಕ್ಕ ನಡೆಯುತ್ತದೆ. ಮೂಗು ಸೋರಿಕೊಂಡು, ಕೆಮ್ಮುತ್ತಾ, ದನಿ ಒಡೆದು ಬಂದ ಮಗುವಿಗೆ ಆ್ಯಂಟಿಬಯಾಟಿಕ್‌ನಿಂದ ಏನೂ ಆಗಲ್ಲ. ಪ್ಯಾರಾಸಿಟಮಾಲ್ ಕೊಡಿ, ಉಪ್ಪುನೀರು ಮುಕ್ಕಳಿಸಲಿ, ಒಂದು ವಾರ ತಾಳಿ. "ಮೂರೇ ದಿನಕ್ಕೆ ವಾಸಿ ಆಯ್ತು ಡಾಕ್ಟ್ರೇ" ಅಂತೀರಲ್ಲ, ಮಾತ್ರೆ ಇಲ್ಲದಿದ್ರೂ ಆಗ್ತಿತ್ತು!

"ಸ್ಟ್ರೆಪ್‌ಗೆ ಔಷಧಿ ಕೊಡದಿದ್ರೆ ಬರಬಹುದಾದ ರುಮ್ಯಾಟಿಕ್ ಜ್ವರ ನಮ್ಮಲ್ಲಿ ಇನ್ನೂ ಇದೆ, ಹೃದಯದ ಕವಾಟ ಹಾಳಾಗುತ್ತೆ, ರಿಸ್ಕ್ ಯಾಕೆ?" ಅಂತ ಡಾಕ್ಟರ್ ಗೆಳೆಯರು ವಾದಿಸುತ್ತಾರೆ. ಭಯ ನಿಜ. ಚಿಕ್ಕ ವಯಸ್ಸಿಗೇ ಕವಾಟ ಕೆಟ್ಟು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗಿಯರನ್ನು ನಾನೂ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಆದರೆ ಅದಕ್ಕೇ ಅಲ್ವಾ ಗಂಟಲು ನೋಡಬೇಕಾದ್ದು? ಸ್ಟ್ರೆಪ್ ಅಂತ ಅನುಮಾನ ಬಲವಾಗಿದ್ದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಡಿ, ಪೂರ್ತಿ 10 ದಿನ ಕೊಡಿ. ಈ ಸ್ಟ್ರೆಪ್ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ಅಜಿತ್ರೋಮೈಸಿನ್‌ಗೆ ಬಗ್ಗದ ತಳಿಗಳು ಆಗಲೇ ಬಂದಿವೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇಕಾಗುವ ಔಷಧಿಯನ್ನು ಕಂಡಕಂಡ ಶೀತಕ್ಕೆಲ್ಲ ಕೊಟ್ಟು ಕೆಲಸಕ್ಕೆ ಬಾರದ ಹಾಗೆ ಮಾಡುತ್ತಿದ್ದೇವೆ.

ಇನ್ನೊಂದು. ಗಂಟಲುಮಾರಿ (ಡಿಫ್ತೀರಿಯಾ) ಇನ್ನೂ ಹೋಗಿಲ್ಲ, ಲಸಿಕೆ ತಪ್ಪಿದ ಮಕ್ಕಳಿಗೆ ಈಗಲೂ ಬರುತ್ತದೆ. ಗಂಟಲಲ್ಲಿ ಕಟ್ಟಿದ ಬೂದು ಪೊರೆ, ಬಾಯಿ ತೆರೆಸದವರಿಗೆ ಹೇಗೆ ಕಾಣುತ್ತದೆ? ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಬಾಯಿ ತೆರೆಯೋಕೇ ಆಗದಿದ್ದರೆ, ಉಸಿರಾಡೋಕೆ ಕಷ್ಟವಾದರೆ ಮೆಡಿಕಲ್ ಶಾಪ್‌ಗೆ ಹೋಗಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಬೇರೆ ಸಮಯದಲ್ಲಿ, ಡಾಕ್ಟರ್ ಸುಮ್ನೆ ಚೀಟಿ ಬರೆಯೋಕೆ ಶುರು ಮಾಡಿದರೆ, "ಒಂದ್ಸಲ ಗಂಟಲು ನೋಡಿ ಸರ್" ಅಂತ ನೀವೇ ಕೇಳಿ. ಅವರಿಗೆ ಬೇಜಾರಾದರೆ ಆಗಲಿ.