ಟೆಕ್ನೋಗೆ ಇನ್ನಷ್ಟು ರಾಗ ಬೇಕಾ, ಲೂಪೇ ಸಾಕಾ?

ಟೆಕ್ನೋ, ಅಂದರೆ ಯಂತ್ರದ ಬಡಿತದ ಮೇಲೆ ಕಟ್ಟುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ, ಮಾಡುವವರು ಈಗ ಬೆಂಗಳೂರಿನಲ್ಲಿ ಮಾತ್ರ ಇಲ್ಲ. ದಾವಣಗೆರೆಯ ಹಾಸ್ಟೆಲ್ ರೂಮುಗಳಲ್ಲಿ, ಚಿತ್ರದುರ್ಗದ ಮನೆಗಳಲ್ಲಿ ಲ್ಯಾಪ್‌ಟಾಪ್, ಹೆಡ್‌ಫೋನ್ ಇಟ್ಟುಕೊಂಡು ಕೂತವರೂ ಇದ್ದಾರೆ. ಅವರ ನಡುವೆ ಮತ್ತೆ ಮತ್ತೆ ಏಳುವ ಜಗಳ ಇದು. ಒಂದೇ ಲೂಪ್, ಅಂದರೆ ಮತ್ತೆ ಮತ್ತೆ ಬರುವ ಚಿಕ್ಕ ತುಣುಕು, ಏಳು ನಿಮಿಷ ತಿರುಗಿದರೆ ಸಾಕಾ? ಅದಕ್ಕೆ ರಾಗ, ಸ್ವರ, ಬೆಳವಣಿಗೆ ಬೇಕಾ? ಇಲ್ಲಿ ಇಬ್ಬರು ವಾದಿಸಿದ್ದಾರೆ. ಬೇಕು ಎನ್ನುವವರು ದಾವಣಗೆರೆಯಲ್ಲಿ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುತ್ತಾರೆ. ಬೇಡ ಎನ್ನುವವರು ದುರ್ಗದವರು, ಡೊಳ್ಳು ಕಲಿತವರು.

ಪರ: ಬರೀ ಬಡಿತ ಸಾಲದು

ಮದುವೆ, ಗಣಪತಿ, ರಾಜ್ಯೋತ್ಸವ, ಎಲ್ಲಿ ಕರೆದರೂ ಹೋಗಿ ಕೀಬೋರ್ಡ್ ನುಡಿಸುವವನು ನಾನು. ರಾತ್ರಿ ಮನೆಗೆ ಬಂದ ಮೇಲೆ ಟೆಕ್ನೋ ಕೇಳುತ್ತೇನೆ, ಮಾಡುತ್ತೇನೆ. ಅದರ ಮೇಲೆ ಪ್ರೀತಿ ಇರುವುದರಿಂದಲೇ ಹೇಳುತ್ತಿದ್ದೇನೆ: ಈಗ ಬರುತ್ತಿರುವ ಟ್ರ್ಯಾಕುಗಳಲ್ಲಿ ಸಂಗೀತ ಕಡಿಮೆಯಾಗಿದೆ.

ಹೀಗೆಂದರೆ ಹುಡುಗರು "ಟೆಕ್ನೋ ಅಂದ್ರೇ ಹಾಗೆ ಅಣ್ಣ" ಅನ್ನುತ್ತಾರೆ. ಹಾಗೇನೂ ಅಲ್ಲ. ಟೆಕ್ನೋ ಬೆಳೆದಿದ್ದು 1980ರ ದಶಕದಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ಅದನ್ನು ಕಟ್ಟಿದ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಹೈಸ್ಕೂಲಿನಿಂದ ಗೆಳೆಯರು. ಅವರು ಕೇಳುತ್ತಿದ್ದದ್ದು ಅಮೆರಿಕದ ಫಂಕ್ ಮತ್ತು ಜರ್ಮನಿಯ ಎಲೆಕ್ಟ್ರಾನಿಕ್ ತಂಡ ಕ್ರಾಫ್ಟ್‌ವೆರ್ಕ್. ಕ್ರಾಫ್ಟ್‌ವೆರ್ಕ್‌ನಲ್ಲಿ ಲಯ ಯಂತ್ರದ್ದೇ. ಆದರೆ ಅದರ ಮೇಲೆ ಬಾಯಲ್ಲಿ ಗುನುಗಬಹುದಾದ ಧಾಟಿ ಇತ್ತು. ಡೆರಿಕ್ ಮೇ 1987ರಲ್ಲಿ ತಂದ 'ಸ್ಟ್ರಿಂಗ್ಸ್ ಆಫ್ ಲೈಫ್' ಕೇಳಿ. ಅದರಲ್ಲಿ ಬೇಸ್‌ಲೈನೇ, ಅಂದರೆ ಕೆಳಗಿನ ದಪ್ಪ ಸ್ವರಗಳ ಸಾಲೇ, ಇಲ್ಲ. ಪಿಯಾನೊ ಮತ್ತು ತಂತಿವಾದ್ಯಗಳ ದನಿ ಸೇರಿಯೇ ಜನರನ್ನು ಕುಣಿಸಿದವು. ಅಂದರೆ ಸ್ವರ ಟೆಕ್ನೋಗೆ ಹೊರಗಿನಿಂದ ಬಂದ ನೆಂಟ ಅಲ್ಲ, ಮೊದಲಿಂದಲೂ ಮನೆಯವನೇ.

ಈಗ ಏನಾಗಿದೆ ನೋಡಿ. ಸ್ಯಾಂಪಲ್ ಪ್ಯಾಕಿನಿಂದ (ಸಿದ್ಧ ದನಿಗಳ ಕಟ್ಟು) ಒಂದು ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು), ಒಂದು ಹೈ-ಹ್ಯಾಟ್ (ತಾಳದ ಥರದ ಚುರುಕು ಸದ್ದು) ಎತ್ತಿಕೊಂಡು ಎಂಟು ಬಾರ್‌ನ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಲೂಪ್ ಕಟ್ಟುತ್ತಾರೆ. ಆಮೇಲೆ ಕಾಪಿ, ಪೇಸ್ಟ್. 130 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 130 ಬೀಟ್ ವೇಗದಲ್ಲಿ, ಏಳು ನಿಮಿಷಕ್ಕೆ ಸುಮಾರು 227 ಬಾರ್. ಎಂಟು ಬಾರ್‌ನ ಲೂಪ್ ಅದರಲ್ಲಿ 28 ಸಲ ತಿರುಗುತ್ತದೆ. ನಡುವೆ ಒಮ್ಮೆ ಕಿಕ್ ತೆಗೆದು ಮತ್ತೆ ಹಾಕಿದರೆ ಕೆಲಸ ಮುಗಿಯಿತು. ಅದೇ ಪ್ಯಾಕನ್ನು ಬೇರೆ ಬೇರೆ ದೇಶಗಳವರೂ ಕೊಂಡಿರುತ್ತಾರೆ. ಯಾರದ್ದು ಯಾವುದು ಎಂದು ಗುರುತಿಸುವುದೇ ಕಷ್ಟ.

ಸಿನಿಮಾ ಹಾಡು ಸೇರಿಸಿ ಅಂತ ನಾನು ಹೇಳುತ್ತಿಲ್ಲ. ಹಲವು ಸ್ವರ ಒಟ್ಟಿಗೆ ನುಡಿಸುವ ಕಾರ್ಡ್‌ಗಳ ಮೆರವಣಿಗೆಯೂ ಬೇಡ. ನಮಗೆ ಅದರ ಅಗತ್ಯವೇ ಇಲ್ಲ ಅಲ್ವಾ? ನಮ್ಮ ಸಂಗೀತದಲ್ಲಿ ತಂಬೂರಿ ಒಂದೇ ಕಡೆ ನಿಂತಿರುತ್ತದೆ. ಶ್ರುತಿ ಅಲುಗಾಡುವುದಿಲ್ಲ. ಅದರ ಮೇಲೆ ರಾಗ ಇಡೀ ರಾತ್ರಿ ಓಡಾಡುತ್ತದೆ. ಟೆಕ್ನೋ ಲೂಪ್ ಕೂಡ ಒಂದೇ ಕಡೆ ನಿಲ್ಲುವ ವಸ್ತು. ಅದರ ಮೇಲೆ ಓಡಾಡಲು ಜಾಗ ಇದೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ ಎಂಬುದೇ ನನ್ನ ದೂರು.

ಇದು ಆಗದ ಮಾತಲ್ಲ. 1982ರಲ್ಲೇ ಆಗಿದೆ. ಮುಂಬೈಯಲ್ಲಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಎಲೆಕ್ಟ್ರಾನಿಕ್ ಬೀಟ್ ಮೇಲೆ ನುಡಿಸಿ ಒಂದು ರೆಕಾರ್ಡ್ ಮಾಡಿದರು. ಬಳಸಿದ್ದು ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮಷಿನ್, ಟಿಬಿ-303 ಬೇಸ್ ಮಷಿನ್, ಜುಪಿಟರ್-8 ಸಿಂಥ್ (ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ ಕೀಬೋರ್ಡ್). ಇವುಗಳಲ್ಲಿ 808, 303 ಯಂತ್ರಗಳನ್ನು ಮುಂದೆ ಷಿಕಾಗೊ ಮತ್ತು ಡೆಟ್ರಾಯಿಟ್‌ನವರು ಹುಚ್ಚೆದ್ದು ಬಳಸಿದರು. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ಗಮಕ ಕೇಳಿ ಬೆಳೆದ ಕಿವಿಗೆ ಅದು ಹೊಸದಲ್ಲ. ಆ ರೆಕಾರ್ಡ್ ಆಗ ಹೆಚ್ಚು ಓಡಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಜಗತ್ತಿನ ಡ್ಯಾನ್ಸ್ ಸಂಗೀತದವರು ಬೆರಗಾದರು. ಬೀಟ್ ಕದಲುವುದಿಲ್ಲ, ರಾಗ ನಿಲ್ಲುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟೇ.

ಮೋಹನ ರಾಗ ತೆಗೆದುಕೊಳ್ಳಿ, ಹಿಂದೂಸ್ತಾನಿಯವರ ಭೂಪಾಲಿ. ಐದೇ ಸ್ವರ. ಮೂರು ನಿಮಿಷ ಗಾಂಧಾರ ಮುಟ್ಟದೆ ಷಡ್ಜ, ಪಂಚಮದಲ್ಲೇ ಲೂಪ್ ತಿರುಗಿಸಿ. ಆಮೇಲೆ ಗಾಂಧಾರ ಬಿಡಿ. ಆ ಕ್ಷಣಕ್ಕೆ ಕಿಕ್ ತೆಗೆದು ಹಾಕುವ ಆಟ ಬೇಕಾಗುವುದಿಲ್ಲ. ಸ್ವರವೇ ಆ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ನಮ್ಮದು ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕಂಪನಿ ಇಲ್ಲಿಯದೇ. ಹಳೆಯ ಹಾರ್ಮೋನಿಯಂ ಮೇಷ್ಟ್ರುಗಳಿಂದ ನಾನು ಕೇಳಿದ್ದು, ರಂಗಗೀತೆಗೆ ಒನ್ಸ್ ಮೋರ್ ಬಿದ್ದಾಗ ನಟರು ಅದೇ ಹಾಡನ್ನು ಅದೇ ಥರ ಹಾಡುತ್ತಿರಲಿಲ್ಲವಂತೆ. ಒಂದು ಸಂಗತಿ (ಅದೇ ಸಾಲಿಗೆ ಬೇರೆ ತಿರುವು) ಹೊಸದಾಗಿ ಹಾಕಲೇಬೇಕು. ಜನ ಮತ್ತೊಮ್ಮೆ ಕೇಳಿದ್ದು ಅದಕ್ಕೇ. 28 ಸಲ ತಿರುಗುವ ಲೂಪ್‌ನಿಂದ ಅಷ್ಟನ್ನಾದರೂ ನಿರೀಕ್ಷಿಸಬಾರದಾ?

ವಿರೋಧ: ಬೇಕಾದ್ದು ಲೂಪ್‌ನಲ್ಲೇ ಇದೆ

ಅಣ್ಣ ಹೇಳಿದ ಇತಿಹಾಸ ಸರಿ. ಆದರೆ ಅರ್ಧಕ್ಕೆ ನಿಲ್ಲಿಸಿದ್ದಾರೆ. ಅದೇ ಡೆಟ್ರಾಯಿಟ್‌ನ ರಾಬರ್ಟ್ ಹುಡ್ 1994ರಲ್ಲಿ 'ಮಿನಿಮಲ್ ನೇಷನ್' ಎಂಬ ರೆಕಾರ್ಡ್ ತಂದರು. ಅದರಲ್ಲಿ ಒಂದು ಡ್ರಮ್ ಮಷಿನ್, ಒಂದೆರಡು ಸಿಂಥ್ ಸಾಲು, ಅಷ್ಟೇ. ಸ್ವರ ಗೊತ್ತಿಲ್ಲದೆ ಹಾಗೆ ಮಾಡಿದ್ದಲ್ಲ. ಏನೇನು ತೆಗೆದರೂ ಕುಣಿತ ಉಳಿಯುತ್ತದೆ ಎಂದು ನೋಡುತ್ತಾ ಹೋದರು. ಅದೇ ಊರಿನ ಜೆಫ್ ಮಿಲ್ಸ್ ಟಿಆರ್-909 ಡ್ರಮ್ ಮಷಿನನ್ನು ವೇದಿಕೆ ಮೇಲೆ ಇಟ್ಟುಕೊಂಡು ಬೆರಳಲ್ಲಿ ನುಡಿಸುತ್ತಾರೆ. 1983ರಲ್ಲಿ ಬಂದ ಆ ಪೆಟ್ಟಿಗೆಯಲ್ಲಿರುವುದು ಸಾಲಾಗಿ 16 ಬಟನ್, ಒಂದು ಬಾರ್‌ಗೆ 16 ಹೆಜ್ಜೆ. ಯಾವ ಹೆಜ್ಜೆಗೆ ಒತ್ತು ಕೊಡಬೇಕು, ಯಾವಾಗ ಸುಮ್ನೆ ಬಿಡಬೇಕು ಎಂಬುದರಲ್ಲೇ ಅವರ ಕೈಚಳಕ. ಇದು ಸಂಗೀತ ಅಲ್ಲ ಎಂದರೆ ಡೊಳ್ಳೂ ಸಂಗೀತ ಅಲ್ಲ ಎನ್ನಬೇಕಾಗುತ್ತದೆ.

ನಾನು ಡೊಳ್ಳು ಕಲಿತವನು. ಒಂದು ಕಡೆ ಕೋಲು, ಇನ್ನೊಂದು ಕಡೆ ಅಂಗೈ. ಪೆಟ್ಟುಗಳು ಕೆಲವೇ. ಹೊರಗಿನಿಂದ ನೋಡುವವರಿಗೆ ಒಂದೇ ಬಡಿತ ಸುತ್ತುತ್ತಿದೆ ಎನಿಸಬಹುದು. ಒಳಗಿರುವವನಿಗೆ ಪ್ರತಿ ಸುತ್ತೂ ಬೇರೆ. ಭುಜ ಬಿಸಿಯಾಗುತ್ತದೆ, ಪಕ್ಕದವನ ಪೆಟ್ಟು ನನ್ನ ಪೆಟ್ಟಿಗೆ ಅಂಟುತ್ತದೆ, ಉಸಿರು ಅದಕ್ಕೆ ಹೊಂದಿಕೊಳ್ಳುತ್ತದೆ. ಬೀರಪ್ಪನ ಮುಂದೆ ಗಂಟೆಗಟ್ಟಲೆ ಬಾರಿಸುವವರು ಯಾರೂ ಇದಕ್ಕೊಂದು ರಾಗ ಸೇರಿಸೋಣ ಎಂದಿದ್ದು ನಾನಂತೂ ಕೇಳಿಲ್ಲ.

ಗಣಪತಿ ಬಿಡುವ ದಿನ ದುರ್ಗದ ಬಿ.ಡಿ. ರಸ್ತೆಯಲ್ಲಿ ನಿಂತು ಗಮನಿಸಿ. ಡಿಜೆ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಕುಣಿತ ಕಡಿಯುತ್ತದೆ. ಗೊತ್ತಿರುವ ಪಲ್ಲವಿ ಬಂದರೆ ಜನ ಹಾಡುತ್ತಾರೆ, ಫೋನ್ ಎತ್ತುತ್ತಾರೆ, ಕಾಲು ನಿಧಾನವಾಗುತ್ತದೆ. ತಮಟೆಯವರ ಮುಂದೆ ಮಾತ್ರ ಯಾರ ಕಾಲೂ ನಿಲ್ಲುವುದಿಲ್ಲ. ಧಾಟಿ ಬಂದ ಕೂಡಲೇ ಕಿವಿ ಮುಂದೇನು ಎಂದು ಕಾಯಲು ಶುರುಮಾಡುತ್ತದೆ. ಲಯ ಮರಳಿ ಮರಳಿ ಬಂದಾಗ ಕಾಯುವ ಕೆಲಸ ಇರುವುದಿಲ್ಲ, ಮೈ ಹಗುರಾಗುತ್ತದೆ. ನನಗೆ ಟೆಕ್ನೋದಿಂದ ಬೇಕಿರುವುದು ಈ ಎರಡನೆಯದು. ಚರಣ್‌ಜಿತ್ ಸಿಂಗ್ ಅವರ ರೆಕಾರ್ಡ್ ನನಗೂ ಪ್ರಾಣ. ಆದರೆ ಅದನ್ನು ನಾನು ಕೂತು ಕೇಳುತ್ತೇನೆ. ಎದ್ದು ಕುಣಿದರೂ ಮನಸ್ಸು ರಾಗದ ಹಿಂದೆಯೇ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಲೂಪ್ ಅಂದರೆ ಕಾಪಿ-ಪೇಸ್ಟ್ ಎಂದು ಅಣ್ಣ ಹೇಳುತ್ತಾರೆ. ಎಲ್ಲಾ ಲೂಪ್ ಒಂದೇ ಉದ್ದ ಇದ್ದರೆ ಆ ಮಾತು ನಿಜ. ಇರಬೇಕಾಗಿಲ್ಲ. ಕಿಕ್ 16 ಹೆಜ್ಜೆಯಲ್ಲಿ ತಿರುಗಲಿ. ಅದರ ಪಕ್ಕ ಐದು ಹೆಜ್ಜೆಯ ಒಂದು ಸಿಂಥ್ ಲೂಪ್ ಬಿಡಿ. ಎರಡೂ ಮತ್ತೆ ಒಟ್ಟಿಗೆ ಶುರುವಾಗುವುದು 80 ಹೆಜ್ಜೆಯಾದ ಮೇಲೆ, ಅಂದರೆ ಐದು ಬಾರ್‌ಗೆ. ಮೂರು ಹೆಜ್ಜೆಯ ಇನ್ನೊಂದು ಸೇರಿಸಿದರೆ 240 ಹೆಜ್ಜೆ, 15 ಬಾರ್. 130 ಬಿಪಿಎಂನಲ್ಲಿ ಅದು ಸುಮಾರು 28 ಸೆಕೆಂಡ್. ಏಳು ಹೆಜ್ಜೆಯ ಒಂದನ್ನೂ ಬಿಟ್ಟರೆ 1,680 ಹೆಜ್ಜೆ, 105 ಬಾರ್, ಮೂರು ನಿಮಿಷಕ್ಕಿಂತ ಜಾಸ್ತಿ! ನಾಲ್ಕೇ ಲೂಪ್, ಪ್ರತಿಯೊಂದರಲ್ಲೂ ಒಂದೇ ಒಂದು ಸ್ವರ. ಆದರೂ ಮೂರು ನಿಮಿಷ ಒಂದು ಜೋಡಣೆ ಪೂರ್ತಿಯಾಗಿ ಮರುಕಳಿಸುವುದಿಲ್ಲ. ತಿಶ್ರ, ಖಂಡ, ಮಿಶ್ರ ಎಂದು ಮೃದಂಗದವರು ಎಣಿಸುವ ಮೂರು, ಐದು, ಏಳು ಇವೇ ಅಲ್ವಾ? ಸಂಗೀತ ಬೇಕು ಎಂದಾಗ ನಾವು ಯಾಕೆ ಯಾವಾಗಲೂ ಸ್ವರದ ಕಡೆಗೇ ನೋಡುತ್ತೇವೆ? ತಾಳವೂ ಸಂಗೀತವೇ.

ಟ್ರ್ಯಾಕ್ ಖಾಲಿ ಇರುವುದಕ್ಕೆ ಇನ್ನೊಂದು ಕಾರಣ ಇದೆ. ಅದು ಒಂಟಿಯಾಗಿ ಕೇಳಲು ಮಾಡಿದ್ದಲ್ಲ. ಡಿಜೆ ಎರಡು, ಕೆಲವೊಮ್ಮೆ ಮೂರು ಟ್ರ್ಯಾಕುಗಳನ್ನು ಒಂದರ ಮೇಲೊಂದು ಓಡಿಸುತ್ತಾರೆ. ಒಂದರಲ್ಲಿ ಮೋಹನ, ಇನ್ನೊಂದರಲ್ಲಿ ಬೇರೆ ಶ್ರುತಿಯ ಹಿಂದೋಳ ರಾಗ ತುಂಬಿಕೊಂಡಿದ್ದರೆ ಏನಾಗುತ್ತದೆ ಎಂದು ಕೀಬೋರ್ಡ್ ನುಡಿಸುವವರಿಗೆ ನಾನು ಹೇಳಬೇಕಾಗಿಲ್ಲ. ಮಾಡಿದವನು ಜಾಗ ಬಿಟ್ಟಿರುವುದು ಇನ್ನೊಬ್ಬರ ಟ್ರ್ಯಾಕ್‌ಗಾಗಿ. ಇದನ್ನು ಕೊನೆತನಕ ಒಯ್ದವರೂ ಇದ್ದಾರೆ. ವಿನೈಲ್ ರೆಕಾರ್ಡಿನಲ್ಲಿ ಗೆರೆಯನ್ನು ಸುರುಳಿಯಾಗಿ ಕೊರೆಯದೆ ವೃತ್ತವಾಗಿ ಮುಚ್ಚಿಬಿಡುತ್ತಾರೆ. ಸೂಜಿ ಅಲ್ಲೇ ಸುತ್ತುತ್ತಿರುತ್ತದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ನಾಲ್ಕು ಬೀಟ್‌ನ ಒಂದು ಬಾರ್ ಅದರಲ್ಲಿ ಸರಿಯಾಗಿ ಕೂರಬೇಕೆಂದರೆ ವೇಗ ಸುಮಾರು 133 ಬಿಪಿಎಂ ಆಗುತ್ತದೆ. ಟೆಕ್ನೋದ ವೇಗವೇ ಅದು! ಇಂಥ ಒಂದು ಸುತ್ತನ್ನು ಹಿಡಿದು ಒಳ್ಳೆಯ ಡಿಜೆ ಒಂದು ರಾತ್ರಿಯನ್ನೇ ತಿರುಗಿಸಬಲ್ಲರು.

ಮೊಬೈಲ್ ಸ್ಪೀಕರಿನಲ್ಲಿ ಟೆಕ್ನೋ ಕೇಳಿ ಏನೂ ಇಲ್ಲ ಎನ್ನುವವರಿಗೂ ಒಂದು ಮಾತು. ಕಿಕ್‌ನ ಜೀವ ಇರುವುದು 50 ಹರ್ಟ್ಸ್ ಆಸುಪಾಸಿನಲ್ಲಿ. ಆ ಪುಟ್ಟ ಸ್ಪೀಕರ್ ಅದನ್ನು ಕೊಡುವುದೇ ಇಲ್ಲ. ನಿಮಗೆ ಕೇಳಿಸಿದ್ದು ಹೈ-ಹ್ಯಾಟ್ ಮತ್ತು ಅದರ ಸುತ್ತಲಿನ ಚೂರುಪಾರು. ಒಳ್ಳೆಯ ಸಬ್‌ವೂಫರ್ ಇರುವ ಕಡೆ ಹೋಗಿ ಹೊಟ್ಟೆಯಲ್ಲಿ ಕೇಳಿ, ಆಮೇಲೆ ಮಾತಾಡೋಣ.

ಕೆಟ್ಟ ಟ್ರ್ಯಾಕುಗಳು ಬೇಕಾದಷ್ಟಿವೆ, ಒಪ್ಪುತ್ತೇನೆ. ಪ್ಯಾಕಿನ ಕಿಕ್ ಬಗ್ಗೆ ಅಣ್ಣನಿಗಿರುವ ಸಿಟ್ಟು ನನಗೂ ಇದೆ. ಆದರೆ ಸೊರಗಿದ ಲೂಪ್ ಮೇಲೆ ಚೆಂದದ ರಾಗ ಹಾಕಿದರೆ ಲೂಪ್ ಸೊರಗಿಯೇ ಇರುತ್ತದೆ. ಸರಿಮಾಡಬೇಕಾದ್ದು ದನಿಯನ್ನು. ನಮ್ಮ ಕಡೆ ಉರುಮೆ ಇದೆ. ಬಾಗಿದ ಕಡ್ಡಿಯಲ್ಲಿ ಅದರ ಚರ್ಮ ಉಜ್ಜಿದಾಗ ಬರುವ ನರಳುವ ದನಿಗೆ ಯಾವ ಸಿಂಥ್ ಸಾಟಿ? ಡೊಳ್ಳಿನ ಕೋಲಿನ ಪೆಟ್ಟೇ ಬೇರೆ, ಅಂಗೈ ಪೆಟ್ಟೇ ಬೇರೆ. ಇವನ್ನು ಒಳ್ಳೆಯ ಮೈಕ್‌ನಲ್ಲಿ ಹಿಡಿದು, ಬಾರಿಸಿದವರಿಗೆ ದುಡ್ಡು ಮತ್ತು ಹೆಸರು ಕೊಟ್ಟು, ಐದರ ಮತ್ತು ಏಳರ ಲೂಪ್ ಕಟ್ಟೋಣ. ಅಣ್ಣನೂ ಬರಲಿ, ಕೀಬೋರ್ಡೂ ತರಲಿ. ಮೊದಲ ಇಪ್ಪತ್ತು ನಿಮಿಷ ಅದನ್ನು ಮುಟ್ಟದೆ ನಮ್ಮ ಜೊತೆ ಕುಣಿಯಲಿ. ಆಮೇಲೂ ಮೋಹನ ಬೇಕು ಎನಿಸಿದರೆ ನುಡಿಸಲಿ, ನಾನು ತಡೆಯುವುದಿಲ್ಲ.